ಏಟು ನಿಂತರೂ ನಿಲ್ಲದ ಎಮ್ಮೆಯ ಅಂಜಿಕೆ

ವಿಕ್ರೋಳಿಯಿಂದ ಜೋಗೇಶ್ವರಿ ಲಿಂಕ್ ರಸ್ತೆ ಹಿಡಿದು ಪವಾಯಿ ದಾಟಿದರೆ ಆರೇ ಕಾಲನಿ. ಮುಂಬಯಿಯೊಳಗಿನ ಎಮ್ಮೆಗಳನ್ನು ಒಂದೆಡೆ ಸಾಕಲೆಂದು 1949ರಲ್ಲಿ ಶುರುವಾದ ಜಾಗ. ಇಲ್ಲಿನಂಥ ತಬೇಲಗಳಲ್ಲಿ, ಅಂದರೆ ಎಮ್ಮೆ ಕೊಟ್ಟಿಗೆಗಳಲ್ಲಿ, ಎಮ್ಮೆ ದಿನದ ಬಹುಪಾಲು ಕಟ್ಟಿದಲ್ಲೇ ಇರುತ್ತದೆ. ಹೆದರಿದರೆ ಓಡುವಂತಿಲ್ಲ. ಹಾಗಾಗಿ ಒದೆಯುತ್ತದೆ, ಪಕ್ಕಕ್ಕೆ ಸರಿಯುತ್ತದೆ, ಸೊರ ಬಿಡುವುದಿಲ್ಲ. ಮೊಂಡುತನವೆಂದು ಹೊಡೆದರೆ ಅಂಜಿಕೆ ಇನ್ನಷ್ಟು ಬೇರೂರುತ್ತದೆ.

ಹೀಗೆ ಬೇರೂರಿದ ಅಂಜಿಕೆ ಸುಲಭಕ್ಕೆ ಹೋಗದೆಂದು 1953ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸೊಲೊಮನ್ ಮತ್ತು ವಿನ್ ನಾಯಿಗಳ ಮೇಲೆ ನಡೆಸಿದ ಕ್ರೂರ ಪ್ರಯೋಗ ಹೇಳುತ್ತದೆ. ಸೂಚನೆ ಸಿಕ್ಕೊಡನೆ ತಡೆ ಹಾರಿದರೆ ಶಾಕ್ ತಪ್ಪುತ್ತಿತ್ತು. ಶಾಕ್ ನಿಲ್ಲಿಸಿದ ಮೇಲೂ ನಾಯಿಗಳು ಹಾರುತ್ತಲೇ ಇದ್ದವು. ನಿಂತು ನೋಡಿದರೆ ತಾನೇ ಅಪಾಯ ಹೋಗಿದೆಯೆಂದು ತಿಳಿಯುವುದು? ಹಿಂದೆಂದೋ ಏಟು ತಿಂದ ಎಮ್ಮೆ, ಕರೆಯುವವರು ಬದಲಾದರೂ ಬಕೆಟ್ ಸದ್ದಿಗೇ ಕಾಲೆತ್ತುವುದು ಹೀಗೆ.

ಎಮ್ಮೆಯಲ್ಲಿ ಈ ಅಂಜಿಕೆಯ ನಷ್ಟ ಹಸುವಿಗಿಂತ ಹೆಚ್ಚು. ಮೊಲೆತೊಟ್ಟಿನ ಮೇಲೆ ಕೈಗೆ ಸಿಗುವಂತೆ ಇಳಿದಿರುವ ಹಾಲು ತೀರಾ ಕಡಿಮೆ. ಉಳಿದದ್ದು ಆಕ್ಸಿಟೋಸಿನ್ ಹಾರ್ಮೋನು ಸ್ರವಿಸಿದರಷ್ಟೇ ಇಳಿಯುತ್ತದೆ. ಹೆದರಿಕೆಯ ಅಡ್ರಿನಲಿನ್ ಅದಕ್ಕೆ ಅಡ್ಡ ಬರುತ್ತದೆ. ಹಾಗೆಂದು ಆಕ್ಸಿಟೋಸಿನ್ ಇಂಜೆಕ್ಷನ್ ಚುಚ್ಚಿ ಹಾಲಿಳಿಸುವ ದಾರಿಗೆ ಹೋಗಲೇಬೇಡಿ. ಹಾಲಿಗಾಗಿ ರಾಸಿನ ಆರೋಗ್ಯ ಕೆಡಿಸುವ ಚುಚ್ಚುಮದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 12ನೇ ಕಲಮಿನಡಿ ಅಪರಾಧ. ಮೇಲಾಗಿ ಸೂಜಿಯೇ ಹೊಸ ಭಯವಾಗುತ್ತದೆ.

ಅದರ ಬದಲು ಮೊದಲು ಅಂಜಿಕೆಯ ಕಾರಣ ಹುಡುಕಿ. ಕೆಚ್ಚಲು ಬಾವು, ತೊಟ್ಟಿನ ಬಿರುಕು ಇದೆಯೇ ನೋಡಿ. ಒದ್ದೆ ನೆಲದ ಕೊಟ್ಟಿಗೆಯಲ್ಲಿ ಕಬ್ಬಿಣದ ಕಂಬಕ್ಕೋ ನೀರಿನ ತೊಟ್ಟಿಗೋ ಕರೆಂಟ್ ಸೋರುತ್ತಿರಬಹುದು. ಚಪ್ಪಲಿ ಹಾಕಿ ನಿಂತ ನಮಗೆ ಗೊತ್ತಾಗದ್ದು ರಾಸಿಗೆ ಚುರುಗುಟ್ಟುತ್ತದೆ. ರಾಸು ನೀರಿಗೆ ಬಾಯಿ ಅದ್ದಿ ಹೀರುವ ಬದಲು ನಾಲಿಗೆಯಿಂದ ನೆಕ್ಕಿ ಕುಡಿಯುತ್ತಿದ್ದರೆ, ತೊಟ್ಟಿಯ ಹತ್ತಿರ ಬಂದು ಹಿಂದೆಗೆಯುತ್ತಿದ್ದರೆ, ಆ ದಿನವೇ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ.

ಕಾರಣ ಹೋದ ಮಾತ್ರಕ್ಕೆ ಅಂಜಿಕೆ ಹೋಗದು. ಒಬ್ಬರೇ, ಒಂದೇ ಹೊತ್ತಿಗೆ, ಮೆಲ್ಲಗೆ ಮಾತಾಡುತ್ತ ಬನ್ನಿ. ಕರೆಯುವ ಹೊತ್ತಲ್ಲದಾಗ ಹಿಂಡಿ ಹಾಕಿ, ಕೆಲ ದಿನ ಬರೀ ಬೆನ್ನು ಸವರಿ. ಬಳಿಕ ಕೆಚ್ಚಲು ಮುಟ್ಟಿ. ಒದೆಯಲು ಕಾಲೆತ್ತಿದಾಗ ಗದರದೆ, ಕೈಯನ್ನು ಥಟ್ಟನೆ ಎಳೆದುಕೊಳ್ಳದೆ, ಅದು ಕಾಲೂರಿದ ಮೇಲೆ ನಿಧಾನಕ್ಕೆ ಸರಿಸಿ. ಕಾಲು ಬಿಗಿದು ಕಟ್ಟಿದರೆ ಹೆದರಿಕೆ ಹೆಚ್ಚುತ್ತದೆ.

ಗಂಟೆಗಟ್ಟಲೆ ನಾಲಿಗೆ ಸುತ್ತುವುದು, ಸರಪಳಿ ನೆಕ್ಕುವುದು, ತಲೆ ತೂಗುವುದು ಬೇರೆ ಮಾತು. ಅದಕ್ಕೆ ಭಯವೊಂದೇ ಕಾರಣವಲ್ಲ. ಒಣಹುಲ್ಲು ಕಡಿಮೆಯಾಗಿ ಹಿಂಡಿ ಜಾಸ್ತಿಯಾದಾಗ, ಸದಾ ಕಟ್ಟಿದಾಗಲೂ ಹೀಗಾಗುತ್ತದೆ. ಮಣ್ಣು, ಗೋಡೆ ನೆಕ್ಕಿದರೆ ರಂಜಕದ ಕೊರತೆಯಿರಬಹುದು, ಪಶುವೈದ್ಯರಿಗೆ ತೋರಿಸಿ. ದಿನಾ ಸ್ವಲ್ಪ ಹೊತ್ತಾದರೂ ಬಿಚ್ಚಿ ಬಿಡಿ. ಬಹುಕಾಲದ ಚಟ ಪೂರ್ತಿ ಹೋಗದಿರಬಹುದು, ಆದರೆ ಕರುವಾಗಿದ್ದಾಗಿನಿಂದಲೇ ಹೀಗೆ ಬಿಚ್ಚಿ ಬಿಟ್ಟು ಸಾಕಿದ ರಾಸಿಗೆ ಅದು ಅಂಟುವುದು ಕಡಿಮೆ.