ವಿಶ್ವವಿದ್ಯಾಲಯದ ನೌಕರಿ ಇರುವ ಮನೆ ಮತ್ತು ಮೆಡಿಸೆಪ್ ಕಾರ್ಡು

ಕಳೆದ ಸಂಚಿಕೆಯಲ್ಲಿ ಕಂಗಿನ ಕೊಳೆರೋಗ, ಬೋರ್ಡೋ ದ್ರಾವಣ ಇವುಗಳ ವಿಚಾರ ಬರೆದಿದ್ದೆವು. ಈ ಬಾರಿ ತೋಟದಿಂದ ಸ್ವಲ್ಪ ಹೊರಗೆ ಬಂದು ಸಂಬಳದ ಚೀಟಿಯ ಮೇಲೆ ಕಣ್ಣು ಹಾಯಿಸೋಣ. ನಮ್ಮ ಮನೆಗಳಲ್ಲಿ ತೋಟವೂ ಇದೆ, ನೌಕರಿಯೂ ಇದೆ. ಒಬ್ಬ ಮಗ ಅಡಿಕೆ ನೋಡಿಕೊಂಡರೆ ಇನ್ನೊಬ್ಬ ಪಿಲಿಕ್ಕೋಡಿನ ಕೃಷಿ ಸಂಶೋಧನಾ ಕೇಂದ್ರದಲ್ಲೋ ಪಡನ್ನಕ್ಕಾಡಿನ ಕೃಷಿ ಕಾಲೇಜಿನಲ್ಲೋ ಗುಮಾಸ್ತ. ಇವೆರಡೂ ಕೇರಳ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದವು. ಅದರ ಮುಖ್ಯ ಕಚೇರಿ ತೃಶ್ಶೂರಿನ ವೆಳ್ಳಾನಿಕ್ಕರದಲ್ಲಿದೆ. ಮನೆಯಲ್ಲಿ ಒಬ್ಬರು ಅಲ್ಲಿ ದುಡಿದರೆ ಅವರ ಕಾಯಿಲೆಯ ಖರ್ಚಿಗೆ ಒಂದು ಆಸರೆ ಇರುತ್ತದೆ. ಆದರೆ ಆ ಆಸರೆ ಮನೆಯಲ್ಲಿ ಯಾರಿಗೆಲ್ಲ, ಎಲ್ಲಿ, ಎಷ್ಟರ ಮಟ್ಟಿಗೆ ಎಂಬುದು ಅನೇಕರಿಗೆ ತಿಳಿದಿಲ್ಲ.

ನಮಗೆ ಗೊತ್ತಿರುವ ಒಂದು ಮನೆಯ ಸಂಗತಿ ಹೇಳುತ್ತೇವೆ, ಹೆಸರು ಬೇಡ. ಮಳೆಗಾಲದಲ್ಲಿ ತೋಟದ ಸಂಕ ದಾಟುವಾಗ ಎಪ್ಪತ್ತು ದಾಟಿದ ಅಪ್ಪ ಜಾರಿ ಬಿದ್ದರು. ತೊಡೆಯ ಎಲುಬು ಮುರಿಯಿತು. ಜೀಪಿನಲ್ಲಿ ಮಲಗಿಸಿ ಮಂಗಳೂರಿಗೆ ಕೊಂಡೊಯ್ದರು. ಮಗನಿಗೆ ವಿಶ್ವವಿದ್ಯಾಲಯದಲ್ಲಿ ಕಾಯಂ ಕೆಲಸ. ತಿಂಗಳು ತಿಂಗಳು ಸಂಬಳದಿಂದ ವಿಮೆಯ ಕಂತು ಹೋಗುತ್ತಿತ್ತು. "ನಮಗೆಲ್ಲ ಉಂಟಲ್ಲ" ಎಂದೇ ಮನೆಯವರೆಲ್ಲ ತಿಳಿದಿದ್ದರು. ಆಸ್ಪತ್ರೆಯ ಕೌಂಟರಿನಲ್ಲಿ ಕಾರ್ಡು ತೋರಿಸಿದಾಗ ಅದರಲ್ಲಿ ಮಗನ ಹೆಸರು, ಸೊಸೆಯ ಹೆಸರು, ಎರಡು ಮಕ್ಕಳ ಹೆಸರು ಇತ್ತು. ಅಪ್ಪನ ಹೆಸರು ಇರಲಿಲ್ಲ. ವಿವರ ತುಂಬುವಾಗ ಯಾರೋ ಅವಸರದಲ್ಲಿ ಬಿಟ್ಟಿದ್ದರು, ಆಮೇಲೆ ಯಾರೂ ನೋಡಿರಲಿಲ್ಲ. ಬೆಲೆ ಏರಲೆಂದು ಅಟ್ಟದಲ್ಲಿ ಇಟ್ಟಿದ್ದ ಚಾಲಿ ಅಡಿಕೆಯನ್ನು ಸಿಕ್ಕಿದ ಬೆಲೆಗೆ ಕೊಟ್ಟು ಬಿಲ್ಲು ಕಟ್ಟಬೇಕಾಯಿತು.

ಇಲ್ಲಿ ತಪ್ಪು ವಿಮೆಯದ್ದಲ್ಲ, ವೈದ್ಯರದ್ದೂ ಅಲ್ಲ. ಒಂದು ಹೆಸರು ಒಂದು ಕಾಲಂನಲ್ಲಿ ಇರಲಿಲ್ಲ, ಅಷ್ಟೆ. ಅದಕ್ಕಾಗಿಯೇ ಈ ಲೇಖನ.

ಮೆಡಿಸೆಪ್ ಎಂದರೆ ಕೇರಳ ಸರ್ಕಾರ ತನ್ನ ನೌಕರರಿಗೂ ಪಿಂಚಣಿದಾರರಿಗೂ ಮಾಡಿದ ಆರೋಗ್ಯ ವಿಮೆ. 2022ರ ಜುಲೈ 1ರಂದು ಆರಂಭವಾಯಿತು. ಸರ್ಕಾರಿ ನೌಕರರು, ಅನುದಾನಿತ ಶಾಲೆ ಕಾಲೇಜುಗಳ ಅಧ್ಯಾಪಕರು, ಪಂಚಾಯತು ನಗರಸಭೆಗಳವರು ಮಾತ್ರವಲ್ಲ, ಸರ್ಕಾರದಿಂದ ಅನುದಾನ ಪಡೆಯುವ ವಿಶ್ವವಿದ್ಯಾಲಯಗಳ ನೌಕರರೂ ಪಿಂಚಣಿದಾರರೂ ಕುಟುಂಬ ಪಿಂಚಣಿ ಪಡೆಯುವವರೂ ಇದರೊಳಗೆ ಬರುತ್ತಾರೆ. ಇದು ಬೇಕಿದ್ದರೆ ಸೇರುವ, ಬೇಡವಾದರೆ ಬಿಡುವ ವಿಮೆಯಲ್ಲ, ಸೇರಲೇಬೇಕು. ಮೊದಲ ಘಟ್ಟದಲ್ಲಿ ತಿಂಗಳಿಗೆ 500 ರೂಪಾಯಿ, ವರ್ಷಕ್ಕೆ 6,000 ರೂಪಾಯಿ ಕಂತು. ಗುಮಾಸ್ತನಿಗೂ ಅಷ್ಟೇ, ಪ್ರೊಫೆಸರನಿಗೂ ಅಷ್ಟೇ. ಪಿಂಚಣಿದಾರರಿಗೆ ಅದುವರೆಗೆ ತಿಂಗಳಿಗೆ ಸಿಗುತ್ತಿದ್ದ 500 ರೂಪಾಯಿ ವೈದ್ಯಕೀಯ ಭತ್ಯೆ ಈ ಕಂತಿಗೆ ಹೋಯಿತು. ಗಂಡ ಹೆಂಡತಿ ಇಬ್ಬರೂ ನೌಕರರಾದರೆ ಇಬ್ಬರಿಂದಲೂ ಹಿಡಿದರು. ಒಂದೇ ಒಲೆಯ ಮನೆಗೆ ಎರಡು ಕಂತು ಏಕೆಂದು ಕೇಳಿದವರಿಗೆ ಸಮಾಧಾನದ ಉತ್ತರ ಸಿಗಲಿಲ್ಲ. ನಮಗೂ ಅದು ಸರಿಯೆಂದು ತೋರುವುದಿಲ್ಲ.

ಆದರೂ ಈ ವಿಮೆಯ ಒಂದು ಗುಣವನ್ನು ಒಪ್ಪಬೇಕು. ಹೊರಗಿನ ವಿಮಾ ಕಂಪೆನಿಗಳು ಅರುವತ್ತು ದಾಟಿದವರನ್ನು ಕಂಡರೆ ಕಂತು ಏರಿಸುತ್ತವೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದೆಯೆಂದರೆ ಎರಡು ಮೂರು ವರ್ಷ ಕಾಯಿರಿ ಎನ್ನುತ್ತವೆ. ಮೆಡಿಸೆಪ್ ವಯಸ್ಸು ಕೇಳುವುದಿಲ್ಲ, ಮೊದಲೇ ಇದ್ದ ರೋಗವನ್ನು ಕಾರಣ ಮಾಡಿ ತಳ್ಳುವುದಿಲ್ಲ. ನಿವೃತ್ತರಾಗಿ ಇಪ್ಪತ್ತು ವರ್ಷವಾದ, ಎರಡು ಸಲ ಹೃದಯದ ಚಿಕಿತ್ಸೆಯಾದ ಒಬ್ಬರಿಗೆ ಆ ಹಣಕ್ಕೆ ಬೇರೆಲ್ಲೂ ವಿಮೆ ಸಿಗದು. ಕಂತಿನ ಬಗ್ಗೆ ಗೊಣಗುವ ಎಳೆಯ ನೌಕರರು ತಮ್ಮ ಮನೆಯ ಹಿರಿಯರನ್ನು ಒಮ್ಮೆ ನೋಡಲಿ.

ಸಿಗುವ ಮೊತ್ತದ ಲೆಕ್ಕ ಸ್ವಲ್ಪ ತೊಡಕಿನದು. ಮೊದಲ ಘಟ್ಟದಲ್ಲಿ ಕುಟುಂಬಕ್ಕೆ ವರ್ಷಕ್ಕೆ 3 ಲಕ್ಷ ರೂಪಾಯಿ. ಒಬ್ಬೊಬ್ಬರಿಗೆ ಮೂರು ಲಕ್ಷವಲ್ಲ, ಎಲ್ಲರಿಗೂ ಸೇರಿ ಮೂರು ಲಕ್ಷ. ಅದರಲ್ಲಿ ಒಂದೂವರೆ ಲಕ್ಷ ಆ ವರ್ಷಕ್ಕೆ ಮಾತ್ರ, ಬಳಸದಿದ್ದರೆ ಹೋಯಿತು. ಇನ್ನೊಂದು ಒಂದೂವರೆ ಲಕ್ಷವನ್ನು ಮೂರು ವರ್ಷದ ಅವಧಿಯೊಳಗೆ ಹಿಂದು ಮುಂದು ಮಾಡಿ ಬಳಸಬಹುದಿತ್ತು. ಬಾವಿಯ ನೀರಿನ ಹಾಗೆ ಒಂದು ಪಾಲು, ಟ್ಯಾಂಕಿಯಲ್ಲಿ ಶೇಖರಿಸಿದ ನೀರಿನ ಹಾಗೆ ಇನ್ನೊಂದು ಪಾಲು ಎಂದುಕೊಳ್ಳಿ. ಅಂಗಾಂಗ ಕಸಿಯಂಥ ದೊಡ್ಡ ಚಿಕಿತ್ಸೆಗಳಿಗೆ ಬೇರೆಯೇ ಒಂದು ನಿಧಿ ಇತ್ತು. ಆ ಮೂರು ವರ್ಷ 2025ರ ಜೂನ್ 30ಕ್ಕೆ ಮುಗಿದು ಅವಧಿ ವಿಸ್ತರಣೆಯಾಯಿತು. 2025ರ ಆಗಸ್ಟ್‌ನಲ್ಲಿ ಮಂತ್ರಿಮಂಡಲ ಎರಡನೇ ಘಟ್ಟಕ್ಕೆ ಒಪ್ಪಿಗೆ ಕೊಟ್ಟು ಮೂಲ ರಕ್ಷಣೆಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲು ತೀರ್ಮಾನಿಸಿತು. ಹೆಚ್ಚು ರಕ್ಷಣೆಗೆ ಹೆಚ್ಚು ಕಂತು. ನಿಮ್ಮ ಸಂಬಳದ ಅಥವಾ ಪಿಂಚಣಿಯ ಚೀಟಿ ತೆಗೆದು ಈಗ ಎಷ್ಟು ಹಿಡಿಯುತ್ತಿದ್ದಾರೆಂದು ನೋಡಿ. ಹಳೆಯ ಮೊತ್ತವನ್ನೇ ಬಾಯಿಪಾಠ ಮಾಡಿಕೊಂಡು ಕೂರಬೇಡಿ.

ಇನ್ನು ಮುಖ್ಯ ಸಂಗತಿ: ಯಾರ ಹೆಸರು ಸೇರುತ್ತದೆ? ಕೆಲಸದಲ್ಲಿರುವವರಿಗೆ ಗಂಡ ಅಥವಾ ಹೆಂಡತಿ, ಇಪ್ಪತ್ತೈದು ವರ್ಷದೊಳಗಿನ, ಮದುವೆಯಾಗದ, ಕೆಲಸ ಸಿಗದ ಮಕ್ಕಳು, ಮತ್ತು ಸಂಪೂರ್ಣವಾಗಿ ಅವರನ್ನೇ ಅವಲಂಬಿಸಿದ ತಂದೆತಾಯಿ. ಅಂಗವೈಕಲ್ಯವೋ ಬುದ್ಧಿಮಾಂದ್ಯವೋ ಇರುವ ಮಕ್ಕಳಿಗೆ ವಯಸ್ಸಿನ ಮಿತಿ ಇಲ್ಲ. "ಸಂಪೂರ್ಣವಾಗಿ" ಎಂಬ ಮಾತನ್ನು ಕೃಷಿಕರು ಎರಡು ಸಲ ಓದಬೇಕು. ಅಪ್ಪನ ಹೆಸರಿನಲ್ಲಿ ಎರಡೆಕ್ರೆ ಕಂಗಿನ ತೋಟವಿದ್ದು ಅಡಿಕೆ ಮಾರಿದ ಹಣ ಅವರ ಖಾತೆಗೇ ಬರುತ್ತಿದ್ದರೆ ಅವರು ಮಗನ ಸಂಪೂರ್ಣ ಅವಲಂಬಿತರೇ? ತೋಟವನ್ನು ಮಕ್ಕಳಿಗೆ ಬರೆದುಕೊಟ್ಟು ಮಗನ ಅನ್ನ ಉಣ್ಣುವ ಅಪ್ಪನ ಸ್ಥಿತಿ ಬೇರೆ. ಈ ಹೇಳಿಕೆಗೆ ಸಹಿ ಹಾಕುವವನು ಮಗ, ಆದ್ದರಿಂದ ಹೊಣೆಯೂ ಅವನದೇ. ಕಚೇರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಏನು ಬರೆಯಬೇಕೆಂದು ಕೇಳಿ, ಅವರ ಉತ್ತರವನ್ನು ಸಾಧ್ಯವಾದರೆ ಬರೆಹದಲ್ಲೇ ಪಡೆಯುವುದು ಒಳ್ಳೆಯದು. ಸುಳ್ಳು ಬರೆದು ಬಿಲ್ಲಿನ ಹೊತ್ತಿಗೆ ಸಿಕ್ಕಿಬೀಳುವುದು ಬೇಡ. ಅರ್ಹತೆ ಇದ್ದೂ ಸಂಕೋಚಪಟ್ಟು ಬಿಡುವುದೂ ಬೇಡ. ನಾವು ಮೇಲೆ ಹೇಳಿದ ಮನೆಯಲ್ಲಿ ತೋಟ ಎಂದೋ ಮಕ್ಕಳ ಹೆಸರಿಗೆ ಆಗಿತ್ತು.

ನಿವೃತ್ತಿಯಾದ ದಿನ ಈ ಪಟ್ಟಿ ಬದಲಾಗುತ್ತದೆ ಎಂಬುದು ಹಲವರಿಗೆ ಗೊತ್ತೇ ಇಲ್ಲ. ಮೊದಲ ಘಟ್ಟದ ನಿಯಮದಂತೆ ಪಿಂಚಣಿದಾರರ ಕಾರ್ಡಿನಲ್ಲಿ ಸಂಗಾತಿಗೂ ವೈಕಲ್ಯವಿರುವ ಮಕ್ಕಳಿಗೂ ಮಾತ್ರ ಸ್ಥಾನ; ಮುದಿ ತಂದೆತಾಯಿಯ ಹೆಸರು ಹೊರಗೆ ಬೀಳುತ್ತದೆ. ನಮ್ಮ ಊರಲ್ಲಿ ಐವತ್ತಾರಕ್ಕೆ ನಿವೃತ್ತರಾಗುವ ಮಗನಿಗೆ ಎಂಬತ್ತು ದಾಟಿದ ತಾಯಿ ಇರುವುದು ಅಪರೂಪವಲ್ಲ. ಅಂಥ ತಾಯಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯೋ ಇನ್ನೊಂದೋ ಆಗಬೇಕಿದ್ದರೆ ನಿವೃತ್ತಿಯ ತಿಂಗಳವರೆಗೆ ಕಾಯದೆ ಮೊದಲೇ ವೈದ್ಯರನ್ನು ಕೇಳಿ. ಕೆಲಸದಲ್ಲಿರುವ ಇನ್ನೊಬ್ಬ ಮಗನೋ ಮಗಳೋ ಇದ್ದರೆ ತಾಯಿಯ ಹೆಸರನ್ನು ಅವರ ಕಡೆ ಸೇರಿಸಲಾಗುವುದೇ ಎಂದೂ ವಿಚಾರಿಸಿ.

ಇದು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಸಿಗುವ ಹಣ. ಸಾಮಾನ್ಯವಾಗಿ ಇಪ್ಪತ್ತನಾಲ್ಕು ಗಂಟೆ ದಾಖಲಾಗಿರಬೇಕು. ಡಯಾಲಿಸಿಸ್, ಕಣ್ಣಿನ ಪೊರೆಯಂಥ ಒಂದೇ ದಿನದ ಚಿಕಿತ್ಸೆಗಳಿಗೆ ವಿನಾಯಿತಿ ಉಂಟು. ಜ್ವರಕ್ಕೆ ಚೀಟಿ ಬರೆಸಿ ತಂದ ಮಾತ್ರೆಗೆ, ತಿಂಗಳ ಸಕ್ಕರೆ ಪರೀಕ್ಷೆಗೆ ಈ ಕಾರ್ಡು ನಡೆಯದು. ನೌಕರರಿಗಾದರೆ ಹೊರರೋಗಿ ಖರ್ಚನ್ನು ಮರಳಿ ಪಡೆಯಲು 1960ರ ವೈದ್ಯಕೀಯ ನಿಯಮಾವಳಿ ಎಂಬ ಹಳೆಯ ದಾರಿ ಇದೆ: ವೈದ್ಯರ ಸಹಿ ಇರುವ ಅವಶ್ಯಕತಾ ಪ್ರಮಾಣಪತ್ರ, ಬಿಲ್ಲುಗಳು, ಅರ್ಜಿ. ಅದರ ವಿವರ ಕಚೇರಿಯ ಬಿಲ್ ವಿಭಾಗದವರಿಗೆ ಗೊತ್ತು. ಬಿಲ್ಲನ್ನು ಕಪಾಟಿನಲ್ಲಿ ತಿಂಗಳುಗಟ್ಟಲೆ ಇಟ್ಟು ಕೊಂಡೊಯ್ದರೆ ಅವರೂ ಏನೂ ಮಾಡಲಾರರು.

ಗಡಿನಾಡಿನವರಿಗೆ ಇನ್ನೊಂದು ತೊಡಕು ಉಂಟು. ಮಂಜೇಶ್ವರ, ಕುಂಬಳೆ ಕಡೆಯವರಿಗೆ ಆಸ್ಪತ್ರೆ ಎಂದರೆ ಮಂಗಳೂರು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಇಲ್ಲಿನ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ದಾರಿ ಈಗ ತೆರೆದಿದೆ, ಆದರೆ ಕಾರ್ಡಿಗೆ ಬೇರೆಯೇ ಒಂದು ಗಡಿ ಉಂಟು. ಅದೇ ಒಪ್ಪಂದ ಮಾಡಿಕೊಂಡ ಆಸ್ಪತ್ರೆಗಳ ಪಟ್ಟಿ. ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ ಹಣ ಕಟ್ಟದೆ ಚಿಕಿತ್ಸೆ. ಹೆಸರಾಂತ ಆಸ್ಪತ್ರೆ, ನಮ್ಮವರೇ ನಡೆಸುವ ಆಸ್ಪತ್ರೆ ಎಂದು ಅದು ಪಟ್ಟಿಯಲ್ಲಿ ಇರಲೇಬೇಕೆಂದಿಲ್ಲ. ಇದ್ದರೂ ಎಲ್ಲ ವಿಭಾಗಗಳೂ ಸೇರಿರಬೇಕೆಂದಿಲ್ಲ. ಹೃದಯಕ್ಕೆ ಇದ್ದು ಎಲುಬಿಗೆ ಇಲ್ಲದಿರಬಹುದು. ಈ ಪಟ್ಟಿ ಆಗಾಗ ಬದಲಾಗುತ್ತದೆ. ಹೀಗಾಗಿ ನಾವು ಇಲ್ಲಿ ಯಾವ ಆಸ್ಪತ್ರೆಯ ಹೆಸರನ್ನೂ ಅಚ್ಚು ಹಾಕುತ್ತಿಲ್ಲ; ಮುದ್ರಣವಾಗಿ ನಿಮ್ಮ ಕೈ ಸೇರುವಷ್ಟರಲ್ಲಿ ಅದು ಸುಳ್ಳಾದರೆ ಪಾಪ ನಮಗೆ. ಮೆಡಿಸೆಪ್ ಜಾಲತಾಣದಲ್ಲಿ ಪಟ್ಟಿ ಇದೆ. ಆರು ತಿಂಗಳಿಗೊಮ್ಮೆ ಮನೆಯ ಮಕ್ಕಳಿಂದ ನೋಡಿಸಿ ಹತ್ತಿರದ ಎರಡು ಆಸ್ಪತ್ರೆಗಳ ಹೆಸರನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ.

ತುರ್ತು ಹೊತ್ತಿನಲ್ಲಿ ಪಟ್ಟಿ ಹುಡುಕಲು ಆಗದು. ಹೃದಯಾಘಾತ, ಪಾರ್ಶ್ವವಾಯು, ರಸ್ತೆ ಅಪಘಾತ ಈ ಮೂರಕ್ಕೆ ಮೊದಲ ಘಟ್ಟದಲ್ಲಿಯೇ ಪಟ್ಟಿಯ ಹೊರಗಿನ ಆಸ್ಪತ್ರೆಯ ಖರ್ಚನ್ನೂ ನಿಯಮದ ದರದಲ್ಲಿ ಮರಳಿ ಪಡೆಯುವ ಅವಕಾಶವಿತ್ತು. ಕಂಗಿನ ಮರದಿಂದ ಬೀಳುವುದು ರಸ್ತೆ ಅಪಘಾತವಲ್ಲ ಎಂಬುದನ್ನು ಗಮನಿಸಿ. ಮರ ಹತ್ತುವವರು ಮನೆಯ ಕಾರ್ಡನ್ನೇ ನಂಬಿ ಕೂರಬಾರದು. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಬೇರೆಯೇ ಇದೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇವೆ.

ವಿಶ್ವವಿದ್ಯಾಲಯದ ತೋಟದಲ್ಲಿ ದಿನಗೂಲಿಗೆ ಹೋಗುವವರೂ ಗುತ್ತಿಗೆಯ ಮೇಲೆ ಇರುವವರೂ "ನಾವೂ ಯೂನಿವರ್ಸಿಟಿಯವರೇ" ಎಂದುಕೊಳ್ಳುತ್ತಾರೆ. ದುಡಿಮೆಯಲ್ಲಿ ಹೌದು, ಆದರೆ ಸಂಬಳದಿಂದ ಕಂತು ಹಿಡಿಯದಿದ್ದರೆ ಮೆಡಿಸೆಪ್ ಇಲ್ಲ. ಅಂಥವರು ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ತಮ್ಮ ಕುಟುಂಬ ಇದೆಯೇ ಎಂದು ನೋಡಬೇಕು. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಅದರಲ್ಲಿದೆ. ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಕೇಂದ್ರ, ಅಂದರೆ ನಮ್ಮ ಬಾಯಲ್ಲಿ ಸಿಪಿಸಿಆರ್‌ಐ, ಮತ್ತು ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ಇವು ಕೇಂದ್ರ ಸರ್ಕಾರದವು. ಅಲ್ಲಿನವರಿಗೆ ಮೆಡಿಸೆಪ್ ಅನ್ವಯಿಸದು, ಅವರ ನಿಯಮ ಬೇರೆ. ಗಡಿಯಾಚೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯಕ್ಕೆ ಕೆಲಸಕ್ಕೆ ಹೋಗುವವರಿಗೆ ಕರ್ನಾಟಕದ ನಿಯಮ. ಮನೆ ಕೇರಳದಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ, ಸಂಬಳ ಎಲ್ಲಿಂದ ಬರುತ್ತದೆ ಎಂಬುದೇ ಲೆಕ್ಕ.

ಕಾರ್ಡು ತೆಗೆದು ನೋಡುವಾಗ ಹೆಸರಿನ ಅಕ್ಷರಗಳನ್ನೂ ನೋಡಿ. ನಮ್ಮವರಲ್ಲಿ ಈ ತೊಂದರೆ ಬಹಳ. ಚರ್ಚಿನ ಪುಸ್ತಕದಲ್ಲಿ ಪೀಟರ್, ಮನೆಯಲ್ಲಿ ಪೇದ್ರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ರೀತಿ. ಡಿಸೋಜ ಎಂಬುದನ್ನು ಬರೆಯಲು ಎಷ್ಟು ದಾರಿಗಳಿವೆಯೋ ಅಷ್ಟೂ ದಾರಿಗಳು ನಮ್ಮ ಆಧಾರ್ ಕಾರ್ಡುಗಳಲ್ಲಿವೆ. ಕಚೇರಿಯವರು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ತುಂಬುವಾಗ ಇನ್ನೊಂದು ಸೇರುತ್ತದೆ. ಹೆಸರು, ಹುಟ್ಟಿದ ದಿನ, ಸಂಬಂಧ ಇವು ಆಧಾರಿನ ಜತೆ ಹೊಂದಬೇಕು. ಹೊಂದದಿದ್ದರೆ ಈಗಲೇ ತಿದ್ದಿಸಿ. ರೋಗಿ ಸ್ಟ್ರೆಚರಿನ ಮೇಲೆ ಇರುವಾಗ ತಿದ್ದಿಸಲಾಗದು. ಕೆಲಸದಲ್ಲಿರುವವರು ಸಂಬಳದ ಬಿಲ್ಲು ಮಾಡುವ ಅಧಿಕಾರಿಯನ್ನು ಕಾಣಬೇಕು. ವಿಶ್ವವಿದ್ಯಾಲಯದ ಪಿಂಚಣಿಯನ್ನು ವಿಶ್ವವಿದ್ಯಾಲಯವೇ ಕೊಡುವುದರಿಂದ ಅಲ್ಲಿ ನಿವೃತ್ತರಾದವರು ಖಜಾನೆಗೆ ಅಲೆಯದೆ ವಿಶ್ವವಿದ್ಯಾಲಯದ ಪಿಂಚಣಿ ವಿಭಾಗಕ್ಕೇ ಬರೆಯಬೇಕು. ಮಗು ಹುಟ್ಟಿದರೆ, ಮದುವೆಯಾದರೆ ಹೆಸರು ಸೇರಿಸಲು ತಡಮಾಡಬೇಡಿ. ಆಸ್ಪತ್ರೆಯವರು ಸುಮ್ಮನೆ ತಿರುಗಿಸಿ ಕಳಿಸಿದರೆ ಕಾರಣವನ್ನು ಕಾಗದದಲ್ಲಿ ಕೇಳಿ ಪಡೆಯಿರಿ. ಜಿಲ್ಲಾ ಮಟ್ಟದಲ್ಲಿ ದೂರು ಕೇಳುವ ಸಮಿತಿ ಇದೆ, ಅದರ ಮೇಲೆ ರಾಜ್ಯ ಮಟ್ಟದ್ದೂ ಇದೆ. ಬಾಯಿಮಾತಿನ ದೂರಿಗೆ ಅಲ್ಲಿ ಬೆಲೆ ಕಡಿಮೆ.

ಕೊನೆಯದಾಗಿ ವಿಧವೆಯರ ವಿಚಾರ. ಪಿಂಚಣಿದಾರ ಗಂಡ ತೀರಿಕೊಂಡರೆ "ಅವರೊಂದಿಗೆ ಕಾರ್ಡೂ ಹೋಯಿತು" ಎಂದು ಹೆಂಗಸರು ಸುಮ್ಮನಾಗುತ್ತಾರೆ. ಹಾಗಲ್ಲ. ಕುಟುಂಬ ಪಿಂಚಣಿ ಪಡೆಯುವ ಹೆಂಡತಿ ತನ್ನದೇ ಹಕ್ಕಿನಿಂದ ಇದರ ಸದಸ್ಯೆ. ಅವಳ ಪಿಂಚಣಿಯಿಂದ ಕಂತು ಹೋಗುತ್ತದೆ, ಅವಳ ಹೆಸರಿನಲ್ಲಿಯೇ ಕಾರ್ಡು ಆಗಬೇಕು. ಗಂಡನ ಕಾರ್ಡಿನಲ್ಲಿ ಅವಲಂಬಿತೆ ಎಂದು ಇದ್ದ ಹೆಸರು ಸಾಲದು. ಮರಣ ಪ್ರಮಾಣಪತ್ರ, ಪಿಂಚಣಿ ಪುಸ್ತಕ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇವುಗಳ ಪ್ರತಿಯೊಂದಿಗೆ ಪಿಂಚಣಿ ವಿಭಾಗಕ್ಕೆ ಅರ್ಜಿ ಕೊಡಬೇಕು. ಅರ್ಜಿ ಬರೆಯಲು ಕಷ್ಟವಾದರೆ ವಾಳೆಯ ಗುರ್ಕಾರರನ್ನು ಕೇಳಿ. ಕಚೇರಿಯ ವ್ಯವಹಾರ ಬಲ್ಲ ನಿವೃತ್ತ ಅಧ್ಯಾಪಕರು ನಮ್ಮ ಎಲ್ಲ ವಾಳೆಗಳಲ್ಲೂ ಒಬ್ಬರಾದರೂ ಸಿಗುತ್ತಾರೆ.

ಸಂಕದಲ್ಲಿ ಬಿದ್ದ ಆ ಅಪ್ಪ ಈಗ ಕೋಲು ಹಿಡಿದು ಅಂಗಳದಲ್ಲಿ ನಡೆಯುತ್ತಾರೆ. ಮಗ ಅವರ ಹೆಸರು ಸೇರಿಸಲು ಅರ್ಜಿ ಕೊಟ್ಟಿದ್ದಾನೆ, ಅಮ್ಮನ ಹೆಸರನ್ನೂ ಜತೆಗೆ ಬರೆದಿದ್ದಾನೆ. ಸಂಕಕ್ಕೆ ಹೊಸ ಕಂಗಿನ ಸಲಾಕೆ ಹಾಕಿ ಒಂದು ಬದಿಗೆ ಕೈ ಹಿಡಿಯಲು ಬಿದಿರು ಕಟ್ಟಿದ್ದಾರೆ.