ಬಿಸಿ ಉಪಕುಬ್ಜ ನಕ್ಷತ್ರಗಳ ಮಿಡಿತ

ಸೂರ್ಯನ ಅರ್ಧದಷ್ಟು ದ್ರವ್ಯರಾಶಿ, ಮೇಲ್ಮೈ ತಾಪ ಮಾತ್ರ 20,000ದಿಂದ 40,000 ಕೆಲ್ವಿನ್: ಇವು ಬಿ ವರ್ಗದ ಬಿಸಿ ಉಪಕುಬ್ಜಗಳು. ಅಥಣಿ, ಕಾಗವಾಡದ ಹೊಲದ ಕತ್ತಲಲ್ಲೂ ಬರಿಗಣ್ಣಿಗೆ ಕಾಣವು. ಕೆಂಪು ದೈತ್ಯ ತನ್ನ ಹೈಡ್ರೋಜನ್ ಹೊದಿಕೆಯನ್ನು ಬಹುಪಾಲು ಕಳೆದುಕೊಂಡಾಗ ಉಳಿಯುವ, ಹೀಲಿಯಂ ಉರಿಸುವ ತಿರುಳುಗಳಿವು. ಒಳಪದರದಲ್ಲಿ ಶೇಖರವಾದ ಕಬ್ಬಿಣ, ನಿಕ್ಕಲ್ ಶಾಖವನ್ನು ತಡೆದು ತಡೆದು ಬಿಡುವುದರಿಂದ, ಕುದಿಯುವ ಪಾತ್ರೆಯ ಮುಚ್ಚಳದಂತೆ, ನಕ್ಷತ್ರ ಮಿಡಿಯುತ್ತದೆ. ಈ ಮಿಡಿತ ಎರಡು ಬಗೆ. ಒತ್ತಡದ ಅಲೆಗಳ ಅವಧಿ ಕೆಲವು ನಿಮಿಷ. ಗುರುತ್ವದ ಅಲೆಗಳದ್ದು ಸುಮಾರು ಒಂದೆರಡು ಗಂಟೆ, ಆಳದ ಸುದ್ದಿ ಹೇಳುವುದು ಇವೇ. ಈ ವ್ಯತ್ಯಾಸ ಗಟ್ಟಿ ಮಾಡಿಕೊಳ್ಳಿ.

ಮಿಡಿತ ಎಣಿಸಲು ನಕ್ಷತ್ರವನ್ನು ಬಿಡದೆ ನೋಡಬೇಕು, ಆದರೆ ಹಗಲಾದರೆ ನೆಲದ ದೂರದರ್ಶಕದ ದಾಖಲೆ ತುಂಡಾಗುತ್ತದೆ. ಬಾಹ್ಯಾಕಾಶಕ್ಕೆ ಹಾರಿದ ನಾಸಾದ ದೂರದರ್ಶಕಗಳಾದ ಕೆಪ್ಲರ್ (2009), ಟೆಸ್ (2018) ಇವನ್ನು ವಾರಗಟ್ಟಲೆ ನೋಡಿದವು. ಭಾರತದ ಆಸ್ಟ್ರೋಸ್ಯಾಟ್ ಹಾರಿದ್ದು 2015ರ ಸೆಪ್ಟೆಂಬರ್ 28ರಂದು, ಪಿಎಸ್‌ಎಲ್‌ವಿ-ಸಿ30ರಲ್ಲಿ. ಅದರ ನೇರಳಾತೀತ ದೂರದರ್ಶಕ ಯುವಿಐಟಿ ಸಿದ್ಧವಾದದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ. ನಕ್ಷತ್ರಗುಚ್ಛಗಳಲ್ಲಿ ಇಂಥ ಬಿಸಿ ನಕ್ಷತ್ರಗಳನ್ನು ಹೆಕ್ಕಲು ಅದು ಸೈ. ದಿನಗಟ್ಟಲೆ ಮಿಡಿತ ಎಣಿಸುವುದು ಟೆಸ್‌ನ ಕೆಲಸ.