ಚಿನ್ನ: ತೂಕ, ಮಟ್ಟ ಮತ್ತು ವರ್ತಕನ ಎಚ್ಚರ

ನಮ್ಮ ನಾಲ್ಕು ತಾಲ್ಲೂಕುಗಳ ವ್ಯಾಪಾರವು ಹೊಗೆಸೊಪ್ಪಿನ ಹರಾಜನ್ನು ಅನುಸರಿಸಿ ನಡೆಯುವಂಥದು. ನಾಟಿಯ ಕಾಲಕ್ಕೆ ರೈತನ ಮನೆಯ ಒಡವೆಯು ಗೊಬ್ಬರ, ಸೌದೆ ಮತ್ತು ಕೂಲಿಯ ಖರ್ಚಿಗಾಗಿ ಒತ್ತೆಗೆ ಹೋಗುತ್ತದೆ. ಹರಾಜುಕಟ್ಟೆಯ ಹಣ ಕೈಸೇರಿದ ಮೇಲೆ ಮರಳಿ ಮನೆಗೆ ಬರುತ್ತದೆ. ಆದುದರಿಂದ ಚಿನ್ನದ ಗುಣಧರ್ಮವನ್ನು ಅರಿಯುವುದು ಚಿನಿವಾರರಿಗೆ ಮಾತ್ರ ಸೇರಿದ ವಿಷಯವಲ್ಲ. ಸಾಲ ಕೊಡುವ ಗೊಬ್ಬರದಂಗಡಿಯವರಿಗೂ ಜವಳಿ ವರ್ತಕರಿಗೂ ಅದು ಅಗತ್ಯ.

ಚಿನ್ನದ ಪರಮಾಣು ಸಂಖ್ಯೆ 79. ಅದು 1064 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ಗಾಳಿ, ನೀರು, ಬೆವರುಗಳಿಂದ ಕಿಲುಬು ಹಿಡಿಯುವುದಿಲ್ಲ. ಒಂದು ಗ್ರಾಂ ಚಿನ್ನವನ್ನು ಬಡಿದು ಸುಮಾರು ಒಂದು ಚದರ ಮೀಟರ್ ಅಗಲದ ರೇಕನ್ನು ಮಾಡಬಹುದು; ಎಳೆದರೆ ಎರಡು ಕಿಲೋಮೀಟರಿಗೂ ಮೀರಿದ ತಂತಿಯಾಗುತ್ತದೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ಹೊಳೆಯುವ ಚಿನ್ನದ ರೇಕು ಮತ್ತು ಮೈಸೂರು ರೇಷ್ಮೆ ಸೀರೆಯ ಜರಿ ಇವೆರಡೂ ಈ ಗುಣದ ಫಲಗಳು. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಸೀರೆಯ ಜರಿಯಲ್ಲಿ ಬೆಳ್ಳಿ ಶೇ. 65ರಷ್ಟಿದ್ದರೆ ಚಿನ್ನವು ಶೇ. 0.65 ಮಾತ್ರ. ಅಷ್ಟು ಅಲ್ಪ ಪ್ರಮಾಣವೇ ಇಡೀ ಸೆರಗಿಗೆ ಬಣ್ಣ ಕೊಡುತ್ತದೆ.

ಚಿನ್ನದ ಸಾಂದ್ರತೆಯು 19.3, ಅಂದರೆ ಅದೇ ಗಾತ್ರದ ನೀರಿಗಿಂತ ಹತ್ತೊಂಬತ್ತು ಪಟ್ಟಿಗೂ ಹೆಚ್ಚು ಭಾರ. ಕೋಲಾರದ ಗಣಿಗಳು 1880ರಿಂದ 2001ರ ಫೆಬ್ರವರಿಯಲ್ಲಿ ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನವನ್ನು ಕೊಟ್ಟವು. ಅದಕ್ಕಾಗಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಬೇಕಾಯಿತು. 1902ರಲ್ಲಿ ನಮ್ಮ ಕಾವೇರಿಯ ಶಿವನಸಮುದ್ರದಿಂದ ವಿದ್ಯುತ್ತನ್ನು ಅಲ್ಲಿಗೆ ಸಾಗಿಸಬೇಕಾಯಿತು. ಅಷ್ಟೂ ಚಿನ್ನವನ್ನು ಒಂದೆಡೆ ಪೇರಿಸಿದರೆ 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಒಂದು ಅಂಗಡಿ ಮಳಿಗೆಯಲ್ಲಿ ಹೆಚ್ಚುಕಡಿಮೆ ಹಿಡಿಸುತ್ತದೆ! ಹೆಗ್ಗಡದೇವನಕೋಟೆಗೆ ನೆರೆಯಾದ ವೈನಾಡು ಸೀಮೆಯಲ್ಲಿಯೂ, ದೇವಾಲ ಮತ್ತು ಪಂದಲೂರುಗಳ ಸುತ್ತ, ಅದೇ 1880ರ ವೇಳೆಗೆ ಲಂಡನ್ನಿನ ಕಂಪನಿಗಳು ಹಣ ಸುರಿದವು. ಅಲ್ಲಿ ಬಂಡೆಯಲ್ಲಿ ಚಿನ್ನವಿತ್ತು, ಆದರೆ ತೆಗೆಯುವ ಖರ್ಚಿಗೆ ಸಾಲುವಷ್ಟಿರಲಿಲ್ಲ. ಕೆಲವೇ ವರ್ಷಗಳಲ್ಲಿ ಬಂಡವಾಳ ಮುಳುಗಿತು. ಇಂದು ರಾಜ್ಯದಲ್ಲಿ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಗಣಿಗಾರಿಕೆ ನಡೆದಿದೆ.

ಇನ್ನು ಮಟ್ಟದ ವಿಚಾರ. ಅಪರಂಜಿಯು ಬಹಳ ಮೃದು. ಒಡವೆಗೆ ತಾಮ್ರ ಅಥವಾ ಬೆಳ್ಳಿಯನ್ನು ಬೆರೆಸಲೇಬೇಕು. 24 ಭಾಗಗಳಲ್ಲಿ 22 ಭಾಗ ಚಿನ್ನವಿದ್ದರೆ ಅದು 22 ಕ್ಯಾರೆಟ್, ಸಾವಿರಕ್ಕೆ 916. 20 ಕ್ಯಾರೆಟ್ ಎಂದರೆ 833. ಒಬ್ಬ ವರ್ತಕನು 20 ಗ್ರಾಂ ಸರವನ್ನು 22 ಕ್ಯಾರೆಟ್ ಎಂದು ನಂಬಿ ಪಡೆದು, ಅದು 20 ಕ್ಯಾರೆಟ್ ಎಂದು ತಿಳಿದುಬಂದರೆ, ಅವನಿಗಾಗುವ ನಷ್ಟ 1.66 ಗ್ರಾಂ ಶುದ್ಧ ಚಿನ್ನ. ಅಂದಿನ ದರದಿಂದ ಇದನ್ನು ಗುಣಿಸಿದರೆ ಎಷ್ಟೋ ವ್ಯವಹಾರಗಳ ಒಟ್ಟು ಲಾಭವೇ ಇದರಲ್ಲಿ ಕರಗಿಹೋಗುವುದು ಕಾಣುತ್ತದೆ.

"ಕೆಡಿಎಂ ಚಿನ್ನ" ಎಂಬ ಮಾತು ನಮ್ಮ ಪೇಟೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಅದು ಶುದ್ಧತೆಯ ಮುದ್ರೆಯಲ್ಲ. ಬೆಸುಗೆಗೆ ಕ್ಯಾಡ್ಮಿಯಂ ಬಳಸಿದ್ದಕ್ಕೆ ಬಂದ ಹೆಸರು. ಕ್ಯಾಡ್ಮಿಯಂ ಬೆಸುಗೆಯ ಬೆಂಕಿಗೆ ಆವಿಯಾಗಿ ಹೋಗುವುದರಿಂದ ಒಡವೆಯ ಮಟ್ಟವು ಇಳಿಯುತ್ತಿರಲಿಲ್ಲ. ಆದರೆ ಆ ಆವಿಯು ಅಕ್ಕಸಾಲಿಗನ ಶ್ವಾಸಕೋಶ ಮತ್ತು ಮೂತ್ರಪಿಂಡಗಳಿಗೆ ವಿಷ. ಹಾಲ್‌ಮಾರ್ಕ್ ಪಡೆಯುವ ಒಡವೆಗೆ ಈ ಬೆಸುಗೆಯು ಸಲ್ಲದು.

ಒರೆಗಲ್ಲು ಅನುಭವಿಯ ಕೈಯಲ್ಲಿ ಒಳ್ಳೆಯ ಸಾಧನವೇ ಸರಿ, ಆದರೆ ಅದು ಮೇಲ್ಮೈಯನ್ನು ಮಾತ್ರ ನೋಡುತ್ತದೆ. ಎಕ್ಸ್-ರೇ ಯಂತ್ರವೂ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ದಪ್ಪ ಮುಲಾಮಿನ ಕೆಳಗಿರುವುದು ಅದಕ್ಕೂ ಕಾಣದಿರಬಹುದು. ನೀರಿನಲ್ಲಿ ತೂಗುವ ಕ್ರಮವನ್ನು ಮಿಲಿಗ್ರಾಂ ತಕ್ಕಡಿ ಇರುವ ಯಾವ ಅಂಗಡಿಯಲ್ಲಿಯೂ ಮಾಡಬಹುದು. 20 ಗ್ರಾಂ ಶುದ್ಧ ಚಿನ್ನವು ನೀರಿನಲ್ಲಿ ಮುಳುಗಿದಾಗ ಸುಮಾರು 1.04 ಗ್ರಾಂ ಹಗುರವಾಗುತ್ತದೆ, 22 ಕ್ಯಾರೆಟ್ಟಿನದು ಸುಮಾರು 1.13 ಗ್ರಾಂ, 18 ಕ್ಯಾರೆಟ್ಟಿನದು 1.3 ಗ್ರಾಂ. ಅರಗು ತುಂಬಿದ ಅಥವಾ ಹರಳು ಕೂಡಿಸಿದ ಒಡವೆಗೆ ಈ ಲೆಕ್ಕ ಹೊಂದುವುದಿಲ್ಲ. ಟಂಗ್‌ಸ್ಟನ್ ಲೋಹದ ಸಾಂದ್ರತೆಯು ಚಿನ್ನದಷ್ಟೇ ಇರುವುದರಿಂದ, ಒಳಗೆ ಅದನ್ನು ಹುದುಗಿಸಿದ ಗಟ್ಟಿಯು ಈ ಪರೀಕ್ಷೆಯನ್ನು ದಾಟಿಬಿಡುತ್ತದೆ.

ನಿಶ್ಚಿತವಾದುದು ಅಗ್ನಿಪರೀಕ್ಷೆಯೇ. ಒಡವೆಯಿಂದ ತೆಗೆದ ಚೂರನ್ನು ನಿಖರವಾಗಿ ತೂಗಿ, ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ ಕುಲುಮೆಗಿಡುತ್ತಾರೆ. ತಾಮ್ರಾದಿಗಳು ಸೀಸದೊಡನೆ ಬೆರೆತು, ಕೆಳಗಿನ ರಂಧ್ರಮಯ ಬಟ್ಟಲಿಗೆ ಇಂಗಿಹೋಗುತ್ತವೆ. ಉಳಿದ ಮಣಿಯನ್ನು ತಗಡಾಗಿ ತಟ್ಟಿ ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಬೆಳ್ಳಿಯು ಕರಗಿ ಚಿನ್ನ ಮಾತ್ರ ಉಳಿಯುತ್ತದೆ. ಅದರ ತೂಕವನ್ನು ಮೊದಲಿನ ತೂಕದಿಂದ ಭಾಗಿಸಿದರೆ ಮಟ್ಟವು ದೊರೆಯುತ್ತದೆ. ನಮ್ಮ ಹಿರಿಯರ "ಪುಟಕ್ಕಿಟ್ಟ ಚಿನ್ನ" ಎಂಬ ಮಾತು ಇದಕ್ಕೆ ಬಹಳ ದೂರದ್ದಲ್ಲ.

ಭಾರತೀಯ ಮಾನಕ ಬ್ಯೂರೋ 2000ದಲ್ಲಿ ಆರಂಭಿಸಿದ ಹಾಲ್‌ಮಾರ್ಕ್ ಯೋಜನೆಯು ಐಚ್ಛಿಕವಾಗಿತ್ತು. 2021ರ ಜೂನ್ ತಿಂಗಳಿನಿಂದ ಪರೀಕ್ಷಾ ಕೇಂದ್ರಗಳಿರುವ 256 ಜಿಲ್ಲೆಗಳಲ್ಲಿ ಅದು ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ, ಕಡ್ಡಾಯದ ವ್ಯಾಪ್ತಿಗೆ ಬರುವ ಒಡವೆಯ ಮೇಲೆ ಆರು ಅಕ್ಷರಾಂಕಗಳ ಗುರುತು ಸಂಖ್ಯೆ ಇಲ್ಲದೆ ಮಾರುವಂತಿಲ್ಲ. ಬ್ಯೂರೋದ ಚಿಹ್ನೆ, "22ಕೆ916" ಎಂಬಂಥ ಮಟ್ಟದ ಅಂಕಿ ಹಾಗೂ ಈ ಸಂಖ್ಯೆ, ಈ ಮೂರನ್ನೂ ಭೂತಗನ್ನಡಿಯಿಂದ ನೋಡಿ, ಸಂಖ್ಯೆಯನ್ನು "ಬಿಐಎಸ್ ಕೇರ್" ಆ್ಯಪ್‌ನಲ್ಲಿ ನಮೂದಿಸಿದರೆ ವಿವರಗಳು ತೆರೆದುಕೊಳ್ಳುತ್ತವೆ. ಆ್ಯಪ್ ತೋರಿಸುವ ಒಡವೆಯ ಬಗೆಯು ಕೈಯಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ನೋಡಲು ಮರೆಯಬಾರದು. ಉಂಗುರದ ಸಂಖ್ಯೆಯು ಸರದ ಮೇಲಿದ್ದರೆ ಅಲ್ಲಿಗೇ ವ್ಯವಹಾರ ನಿಲ್ಲಿಸುವುದು ಲೇಸು. ಹಾಲ್‌ಮಾರ್ಕ್ ಒಡವೆಯು ನಮೂದಿಸಿದ ಮಟ್ಟಕ್ಕಿಂತ ಕಡಿಮೆ ಎಂದು ಸಿದ್ಧವಾದರೆ, ಕೊರತೆಯ ಮೌಲ್ಯದ ಎರಡು ಪಟ್ಟು ಮತ್ತು ಪರೀಕ್ಷಾ ಶುಲ್ಕವು ಗ್ರಾಹಕನಿಗೆ ಪರಿಹಾರವಾಗಿ ಸಲ್ಲಬೇಕು.

ಮನೆಗಳಲ್ಲಿರುವ ಹಳೆಯ, ಮುದ್ರೆಯಿಲ್ಲದ ಒಡವೆಗಳನ್ನು ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಅವನ್ನು ಅಂಗಡಿಗೆ ಮಾರಲೂಬಹುದು. ಆದರೆ ಒತ್ತೆಗೆ ಬಂದ ಅಜ್ಜಿಯ ಕಾಲದ ಅಡ್ಡಿಕೆಯ ಬೆಲೆ ಕಟ್ಟುವಾಗ ಅರಗು, ಹರಳು, ದಾರಗಳ ತೂಕವನ್ನು ಕಳೆದು, ಒಟ್ಟು ತೂಕ ಮತ್ತು ನಿವ್ವಳ ತೂಕಗಳೆರಡನ್ನೂ ಒಡವೆಯ ಯಜಮಾನರ ಎದುರಿನಲ್ಲಿಯೇ ರಸೀದಿಯಲ್ಲಿ ಬರೆಯತಕ್ಕದ್ದು. ಹರಾಜಿನ ತರುವಾಯ ಅವರು ಬಿಡಿಸಿಕೊಳ್ಳಲು ಬಂದಾಗ ಅದೇ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗಿ ತೋರಿಸಿ ಒಪ್ಪಿಸತಕ್ಕದ್ದು.